ಎರಡೇ ನಿಮಿಷದ ದಾರಿ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಪುಟ್ಟ ಗಡಿಯಾರ. ಮೊಟ್ಟೆ ಬೇಯಲು ಇಟ್ಟು, ಇಷ್ಟು ನಿಮಿಷ ಎಂದು ತಿರುಗಿಸಿಟ್ಟರೆ ಹೊತ್ತಾದಾಗ ಟ್ರಿಣ್ ಎನ್ನುತ್ತದಲ್ಲ, ಅದು.

ನೌಸ್ಟ್ ಮನೆಯ ಎರ್ಲೆಂಡ್ ಹಾರ್ಕಸ್ ಜೂನ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಮೇಮಿಯ ಅಂಗಡಿಗೆ ಹೋಗಿ ಅಂಥದೊಂದು ಗಡಿಯಾರ ಬೇಕು ಎಂದ. ಬೇರೆ ಊರಿನ ಅಂಗಡಿಯವಳಾಗಿದ್ದರೆ ಕೊಟ್ಟು ಕಳಿಸುತ್ತಿದ್ದಳು. ಆದರೆ ನಮ್ಮ ವೆಸ್ಟ್ರೇ ದ್ವೀಪದಲ್ಲಿ ಇರುವವರೇ ಆರುನೂರು ಜನ. ಯಾರ ಮನೆಯಲ್ಲಿ ಏನು ಬೇಯುತ್ತದೆ ಎನ್ನುವುದು ಮೇಮಿಗೆ ಆಯಾ ಮನೆಯವರಿಗಿಂತ ಮೊದಲೇ ಗೊತ್ತಿರುತ್ತದೆ.

"ಗಡಿಯಾರ ಯಾಕೋ?" ಎಂದಳು ಮೇಮಿ, ಕನ್ನಡಕದ ಮೇಲಿಂದ ನೋಡುತ್ತ.

"ಮೊಟ್ಟೆ ಬೇಯಿಸೋಕೆ."

"ನಿಮ್ಮನೇಲಿ ಮೊಟ್ಟೆ ಬಾಣಲೆಗೆ ಒಡೆದು ಹಾಕೋದು ಬಿಟ್ರೆ ಬೇಯಿಸಿದ್ದು ನಿಮ್ಮಜ್ಜಿ ಕಾಲದಲ್ಲೂ ಇಲ್ಲ. ನಿಜ ಹೇಳು."

ಎರ್ಲೆಂಡ್‌ಗೆ ಸುಳ್ಳು ಹೇಳಲು ಬರುವುದಿಲ್ಲ. ನಿಜ ಹೇಳಲೂ ಬರುವುದಿಲ್ಲ. ಅವನ ಕಷ್ಟವೇ ಅದು. ನಲವತ್ತನಾಲ್ಕು ವರ್ಷದ ಎತ್ತರದ ಆಳು, ಎತ್ತಿನಂಥ ಹೆಗಲು, ಆದರೆ ಯಾರಾದರೂ ನೇರವಾಗಿ ಒಂದು ಪ್ರಶ್ನೆ ಕೇಳಿದರೆ ಕಿವಿ ಕೆಂಪಾಗಿ ಟೋಪಿ ತೆಗೆದು ಹಿಸುಕಲು ಶುರುಮಾಡುತ್ತಾನೆ. ಆವತ್ತೂ ಟೋಪಿ ತೆಗೆದ. ಅದರೊಳಗೆ ಮಡಿಸಿಟ್ಟಿದ್ದ ಕಾಗದ ಜಾರಿ ನೇರವಾಗಿ ಮೇಮಿಯ ಗಲ್ಲಾಪೆಟ್ಟಿಗೆಯ ಮೇಲೆ ಬಿತ್ತು. ಮೇಮಿ ಅದನ್ನು ಬಿಡಿಸಿ, ಮೊದಲ ಸಾಲು ಓದಿ, ಅಂಗಡಿಯ ಬಾಗಿಲಿಗೆ 'ಮುಚ್ಚಿದೆ' ಎಂಬ ಹಲಗೆ ತಗುಲಿಸಿ ಬಂದಳು.

ಮೊದಲ ಸಾಲು ಹೀಗಿತ್ತು: 'ಥೋರಾ, ಇಪ್ಪತ್ತೆಂಟು ವರ್ಷದಿಂದ ಒಂದು ಮಾತು ಹೇಳಬೇಕು ಅಂತಿದ್ದೇನೆ.'

ಥೋರಾ ರೆಂಡಲ್ ಪಕ್ಕದ ದ್ವೀಪ ಪಾಪಾ ವೆಸ್ಟ್ರೇಯವಳು. ಅದನ್ನು ನಾವೆಲ್ಲ ಪಾಪೇ ಎನ್ನುತ್ತೇವೆ. ಪಾಪೇಯವರು ತಮ್ಮದೇ ದೊಡ್ಡ ದೇಶ, ವೆಸ್ಟ್ರೇ ಅದರ ಹಿತ್ತಿಲು ಎಂದುಕೊಂಡಿದ್ದಾರೆ. ಅಲ್ಲಿರುವುದು ಎಂಬತ್ತು ಜನ. ಥೋರಾ ಪಿಟೀಲಿನ ಮೇಷ್ಟ್ರು. ಮಂಗಳವಾರ ಬೆಳಗಿನ ವಿಮಾನದಲ್ಲಿ ನಮ್ಮ ಶಾಲೆಗೆ ಬಂದು, ಮಕ್ಕಳ ಕೈಯಲ್ಲಿ ಬೆಕ್ಕಿನ ಜಗಳದಂಥ ಸದ್ದು ಮಾಡಿಸಿ, ಮೂರು ಗಂಟೆಯ ವಿಮಾನದಲ್ಲಿ ವಾಪಸು ಹೋಗುತ್ತಾಳೆ. ಪಾಪೇಯ ಮಕ್ಕಳು ದೊಡ್ಡ ತರಗತಿಗೆ ಬಂದಾಗ ನಮ್ಮ ದ್ವೀಪಕ್ಕೇ ಬರಬೇಕು. ಹಾಗಾಗಿ ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು. ಎರ್ಲೆಂಡ್‌ನ ಗಂಟಲಲ್ಲಿ ಆ ಮಾತು ಸಿಕ್ಕಿಕೊಂಡದ್ದು ಆಗಲೇ.

ಹೇಳಲು ಪ್ರಯತ್ನಪಡಲಿಲ್ಲ ಅಂತಲ್ಲ. ಚರ್ಚಿನ ಪಕ್ಕದ ಸಭಾಂಗಣದಲ್ಲಿ ಸೂಪು ಊಟದ ದಿನ ಬಾಯಿ ತೆರೆದಿದ್ದ. ಅಷ್ಟರಲ್ಲಿ ಏಡಿ ಹಿಡಿಯುವ ಸ್ಯಾಂಡಿ ನಡುವೆ ಬಂದು ಕೂತು, "ನಿನ್ನ ಹೋರಿಗೆ ಭೇದಿ ನಿಂತಿತಾ?" ಎಂದು ಕೇಳಿದ. ಕುಣಿತದ ಸಂಜೆ ಒಮ್ಮೆ ಹೊರಗೆ ಗೋಡೆಯ ಬಳಿ ನಿಲ್ಲಿಸಿಕೊಂಡಿದ್ದ. ಗೋಡೆಯ ಆಚೆ ಮೂವರು ಕೆಮ್ಮಿದರು. ದೋಣಿಯಲ್ಲಿ ಹೇಳೋಣವೆಂದರೆ ದೋಣಿ ನಡೆಸುವವನು ಅವಳ ಸೋದರಮಾವ. ಎರಡು ದ್ವೀಪ ಸೇರಿದರೂ ಇಬ್ಬರೇ ನಿಂತು ಮಾತಾಡುವಷ್ಟು ಜಾಗ ಇಲ್ಲ.

ಅಮ್ಮ ತೀರಿಕೊಂಡ ಮೇಲೆ ಎರ್ಲೆಂಡ್ ದಿನವೂ ಕಪಾಟಿನಿಂದ ಎರಡು ಕಪ್ಪು ತೆಗೆದು, ಒಂದನ್ನು ವಾಪಸು ಇಡುತ್ತಿದ್ದ. ಆ ಅಡುಗೆಮನೆಯಲ್ಲಿ ಎದುರಿಗೆ ಥೋರಾ ಕೂತಿರಬೇಕು, ಅಷ್ಟೇ ಅವನ ಆಸೆ. ಈ ಚಳಿಗಾಲ ಕಳೆದ ಮೇಲೆ ಅವನಿಗೆ ಇನ್ನು ತಡೆಯಲಾಗಲಿಲ್ಲ. ಮೂರು ಗಂಟೆಯ ವಿಮಾನದಲ್ಲಿ ಸಾಮಾನ್ಯವಾಗಿ ಥೋರಾ ಒಬ್ಬಳೇ ಇರುತ್ತಾಳೆ. ಪೈಲಟ್ ಮುಂದೆ ನೋಡುತ್ತಾನೆ. ಅಲ್ಲಿಗೆ ಹಾರುವ ಹೊತ್ತು ಎರಡು ನಿಮಿಷ. ಹೇಳಿಬಿಡಬಹುದು.

ಮೇಮಿ ಕಾಗದ ಪೂರ್ತಿ ಓದಿದಳು. ಕಣ್ಣೊರೆಸಿಕೊಂಡಳು. ಆಮೇಲೆ ಗಡಿಯಾರ ಕೈಗೆತ್ತಿಕೊಂಡು, "ಎಲ್ಲಿ, ಓದು" ಎಂದಳು.

ಅವನು ಓದಿದ. ಹೊಲ ಎಷ್ಟು, ದನ ಎಷ್ಟು, ಮಾಡಿಗೆ ಹೊಸ ಹೆಂಚು ಹಾಕಿಸಿದ್ದು, ಅಮ್ಮ ಸಾಯುವಾಗ ಹೇಳಿದ್ದು, ಹೋರಿಗೆ ಬಂದ ಬಹುಮಾನ, ಎಲ್ಲ ಮುಗಿದು ಕೊನೆಗೆ ಬಾ ಎನ್ನುವ ಮಾತು.

"ಮೂರು ನಿಮಿಷ ಐವತ್ತು ಸೆಕೆಂಡು" ಎಂದಳು ಮೇಮಿ. "ಅಷ್ಟೊತ್ತಿಗೆ ವಿಮಾನ ಹೋಗಿ ಇಳಿದು, ಅವಳು ಮನೆಗೆ ಹೋಗಿ ಚಪ್ಪಲಿ ಬಿಚ್ಚಿರ್ತಾಳೆ. ಹೋರಿ ತೆಗಿ."

"ಹೋರಿ ಬಹುಮಾನ ಗೆದ್ದದ್ದು ಮೇಮಿ, ಇಡೀ ಜಿಲ್ಲೆಗೆ..."

"ಅವಳು ಮದುವೆ ಆಗೋದು ನಿನ್ನನ್ನ. ತೆಗಿ."

ಹೋರಿ ಹೋಯಿತು. ಹೆಂಚು ಹೋಯಿತು. ಮುಚ್ಚಿದ ಅಂಗಡಿಯ ಹಿಂಬಾಗಿಲಿನಿಂದ ಸ್ಯಾಂಡಿ ಬಂದ. ಮುಚ್ಚಿರುವ ಅಂಗಡಿ ಎಂದರೆ ಒಳಗೆ ಏನೋ ನಡೆಯುತ್ತಿದೆ ಎಂದೇ ನಮ್ಮಲ್ಲಿ ಅರ್ಥ. ವಿಷಯ ತಿಳಿದು ಅವನು ಗಂಭೀರನಾದ.

"ಎರಡು ನಿಮಿಷ ಅಂತ ನಂಬ್ಕೊಂಡು ಹೋಗ್ಬೇಡ ಮಾರಾಯ. ಇವತ್ತು ಪಡುವಣ ಗಾಳಿ. ಹಿಂದಿನಿಂದ ತಳ್ಳುತ್ತೆ. ಒಂದು ನಿಮಿಷಕ್ಕೆ ಒಗೆದುಬಿಡುತ್ತೆ."

ಮತ್ತೆ ಕತ್ತರಿ ಬಿತ್ತು. ಅಮ್ಮನ ಕೊನೆಯ ಮಾತು ಹೋಯಿತು. ಹನ್ನೆರಡು ಗಂಟೆಗೆ ಇಡೀ ಭಾಷಣದಲ್ಲಿ ಮಿಕ್ಕಿದ್ದು ಎರ್ಲೆಂಡ್ ಯಾರು ಎಷ್ಟು ಹೇಳಿದರೂ ಬಿಡದ ಒಂದು ಮಾತು ಮಾತ್ರ. ಥೋರಾಳ ಅಮ್ಮ ಬೆಲ್ಲಾಗೆ ಎಂಬತ್ತೆರಡು. ಅವಳನ್ನು ಬಿಟ್ಟು ಬರಲು ಥೋರಾ ಹಿಂಜರಿಯುತ್ತಾಳೆಂದು ಅವನಿಗೆ ಗೊತ್ತು. ಅದಕ್ಕೇ ಅವನು ಚಳಿಗಾಲವಿಡೀ ಯೋಚಿಸಿ ಬರೆದದ್ದು ಇದು: 'ನಮ್ಮ ಮನೆಗೆ ಬಾ. ನಿಮ್ಮಮ್ಮ ದೂರವಾಗುತ್ತಾಳೆ ಅಂದುಕೊಳ್ಳಬೇಡ. ನಿನ್ನ ಮನೆಗೂ ನನ್ನ ಮನೆಗೂ ಇರುವುದು ಒಂದೂಮುಕ್ಕಾಲು ಮೈಲಿ. ಎರಡೇ ನಿಮಿಷದ ದಾರಿ. ಒಲೆ ಮೇಲೆ ಕೆಟಲ್ ಇಟ್ಟು ಹೊರಟರೆ, ನೀರು ಕುದಿಯುವುದರೊಳಗೆ ಆ ಕಡೆ ಇರುತ್ತೀಯ.'

"ಇದು ಚೆನ್ನಾಗಿದೆ" ಎಂದಳು ಮೇಮಿ. "ಇದಕ್ಕೆ ಅವಳು ಏನೂ ಹೇಳೋಕಾಗಲ್ಲ."

ಒಂದು ಗಂಟೆಗೆ ವಿಮಾನ ಇಳಿಯುವ ಹುಲ್ಲುಗಾವಲಿನಿಂದ ಡೇವಿ ಫೋನು ಮಾಡಿದ. ಡೇವಿಯೇ ಅಲ್ಲಿ ಚೀಟಿ ನೋಡುವವನು, ಸಾಮಾನು ತೂಗುವವನು, ಬೆಂಕಿ ಬಿದ್ದರೆ ಆರಿಸುವವನು. ಬಿಡುವಾದಾಗ ನಮ್ಮ ದ್ವೀಪದ ಗೋರಿಗಳನ್ನೂ ಅವನೇ ತೋಡುತ್ತಾನೆ. ಅವನಿಗೆ ಯಾರು ಹೇಳಿದರೋ!

"ಗಾಳಿ ತಿರುಗಿದೆ ಕಣೋ! ಮೂಡಣದಿಂದ ಬೀಸ್ತಾ ಇದೆ, ಎದುರುಗಾಳಿ! ಕಮ್ಮಿ ಅಂದ್ರೂ ಎರಡೂಕಾಲು ನಿಮಿಷ ಸಿಗುತ್ತೆ ನಿಂಗೆ. ಹೋರಿ ವಾಪಸ್ ಹಾಕ್ಕೋ!"

ಅಂಗಡಿಯಲ್ಲಿ ಜಯಕಾರವಾಯಿತು. ಹೋರಿ ಮರಳಿ ಬಂತು. ಮೂಡಣ ಗಾಳಿ ಬೇಸಿಗೆಯಲ್ಲಿ ಸುಮ್ಮನೆ ಬರುವುದಿಲ್ಲ, ತನ್ನ ಜೊತೆಗೆ ಸಮುದ್ರದ ಮಂಜನ್ನೂ ಕರೆದು ತರುತ್ತದೆ ಎಂಬುದು ದ್ವೀಪದಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಆದರೆ ಮದುವೆಯ ಉತ್ಸಾಹದಲ್ಲಿ ಒಬ್ಬರಿಗೂ ಅದು ನೆನಪಾಗಲಿಲ್ಲ.

ಮೂರಕ್ಕೆ ಎರ್ಲೆಂಡ್ ಅಮ್ಮನ ಮಣ್ಣಿಗೆ ಹೊಲಿಸಿದ ಕರಿ ಸೂಟು ಹಾಕಿಕೊಂಡು ಹುಲ್ಲುಗಾವಲಿಗೆ ಬಂದರೆ, ಥೋರಾ ಒಬ್ಬಳೇ ಇರಲಿಲ್ಲ. ಮೇಮಿ ಹೊಸ ಕೋಟು ಹಾಕಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಸ್ಯಾಂಡಿ, ಕೈಯಲ್ಲಿ ಎರಡು ಏಡಿ ಇರುವ ಬಕೆಟ್ಟು.

"ನೀವೆಲ್ಲಿಗೆ?" ಎಂದ ಎರ್ಲೆಂಡ್, ಹಲ್ಲು ಕಚ್ಚಿ.

"ಬೆಲ್ಲಾನ ನೋಡಿ ಬಹಳ ದಿನ ಆಯ್ತು" ಎಂದಳು ಮೇಮಿ.

"ಏಡಿಗಳಿಗೆ ಗಾಳಿ ಬದಲಾಗ್ಲಿ ಅಂತ" ಎಂದ ಸ್ಯಾಂಡಿ.

ಅವರ ಹಿಂದೆ ದಕ್ಷಿಣದಿಂದ ಹಕ್ಕಿ ನೋಡಲು ಬಂದ ಪ್ರಿಚರ್ಡ್ ದಂಪತಿ. ಜಗತ್ತಿನ ಅತಿ ಚಿಕ್ಕ ವಿಮಾನಯಾನ ಮಾಡಿದ್ದಕ್ಕೆ ಒಂದು ಪ್ರಶಸ್ತಿಪತ್ರ ಕೊಡುತ್ತಾರಂತೆ, ಅದಕ್ಕಾಗಿ ಬಂದವರು. ಹೋಗಲಿ, ಅವರು ಅಪರಿಚಿತರು. ಪಕ್ಕದಲ್ಲಿ ಥೋರಾ ಇದ್ದರೆ ಸಾಕು, ಪಿಸುಗುಟ್ಟಿಯಾದರೂ ಹೇಳುತ್ತೇನೆ ಎಂದು ಎರ್ಲೆಂಡ್ ಸಮಾಧಾನ ಮಾಡಿಕೊಂಡ.

ಡೇವಿ ಎಲ್ಲರ ತೂಕ ನೋಡಿದ. ಎಂಟು ಜನ ಕೂರುವ ಪುಟ್ಟ ವಿಮಾನ, ಭಾರ ಹಂಚಿ ಕೂರಿಸಬೇಕು. "ಎರ್ಲೆಂಡ್ ಮುಂದೆ, ಪೈಲಟ್ ಪಕ್ಕ" ಎಂದ.

"ಡೇವಿ, ನೀನೇ... ನಿಂಗೆ ಗೊತ್ತಿದ್ದೂ..."

"ಗೊತ್ತು ಕಣೋ. ನನ್ನ ಕರುಳು ಕಿತ್ತು ಬರ್ತಿದೆ. ಆದ್ರೆ ನೂರಾ ಎಂಟು ಕಿಲೋ ಹಿಂದೆ ಕೂರಿಸಿದ್ರೆ ಬಾಲ ನೆಲ ಮುಟ್ಟುತ್ತೆ. ಥೋರಾ, ನೀನು ಹಿಂದಿನ ಸಾಲು, ಪಿಟೀಲು ಪಕ್ಕ."

ಹೀಗೆ ಎರ್ಲೆಂಡ್ ಎಲ್ಲರಿಗಿಂತ ಮುಂದೆ ಕೂತ, ಥೋರಾ ಎಲ್ಲರಿಗಿಂತ ಹಿಂದೆ. ನಡುವೆ ಮೇಮಿ, ಸ್ಯಾಂಡಿ, ಪ್ರಿಚರ್ಡ್ ದಂಪತಿ, ಎರಡು ಏಡಿ. ಪೈಲಟ್ ಕಾಲಿನ್ ಎಂಜಿನ್ ಶುರು ಮಾಡಿದ. ಹಳೇ ಟ್ರಾಕ್ಟರು ಎರಡನ್ನು ತಗಡಿನ ಡಬ್ಬಿಯೊಳಗೆ ಓಡಿಸಿದಂಥ ಸದ್ದು.

ಗಾಲಿ ನೆಲ ಬಿಟ್ಟಿತು. ಎರ್ಲೆಂಡ್ ಹಿಂದಕ್ಕೆ ತಿರುಗಿ ಕೂಗಿದ. ಥೋರಾ ಕಿವಿಯ ಹಿಂದೆ ಕೈಯಿಟ್ಟು, ಕೇಳಿಸುತ್ತಿಲ್ಲ ಎಂದು ತಲೆಯಾಡಿಸಿದಳು. ಆಗ ಮೇಮಿ ತನ್ನ ಜನ್ಮಕ್ಕೆ ಕಾರಣ ಸಿಕ್ಕಿದವಳಂತೆ ಮುಂದೆ ಬಾಗಿದಳು. "ನಂಗೆ ಹೇಳು! ನಾನು ದಾಟಿಸ್ತೀನಿ!"

ಬೇರೆ ದಾರಿ ಇರಲಿಲ್ಲ. ಇಪ್ಪತ್ತು ಸೆಕೆಂಡು ಆಗಲೇ ಹೋಗಿತ್ತು. "ಇಪ್ಪತ್ತೆಂಟು ವರ್ಷದಿಂದ ಒಂದು ಮಾತು ಹೇಳಬೇಕು ಅಂತಿದ್ದೇನೆ!" ಎಂದು ಅರಚಿದ. ಮೇಮಿ ಹಿಂದಿರುಗಿ ಮಿಸೆಸ್ ಪ್ರಿಚರ್ಡ್ ಕಿವಿಗೆ, "ಇಪ್ಪತ್ತೆಂಟು ವರ್ಷದಿಂದ ನಿನಗೋಸ್ಕರ ಸರಿಯಾಗಿ ಊಟ ಮಾಡಿಲ್ಲವಂತೆ!" ಎಂದಳು. ನೂರಾ ಎಂಟು ಕಿಲೋದ ಬೆನ್ನನ್ನು ಒಮ್ಮೆ ನೋಡಿದ ಮಿಸೆಸ್ ಪ್ರಿಚರ್ಡ್‌ಗೆ ಅದು ನಂಬಲಾಗಲಿಲ್ಲ. ಅವರು ಅದನ್ನು ತಿದ್ದಿ, "ನಿಮ್ಮನ್ನು ನೆನೆಸಿಕೊಂಡು ದಿನಾ ಕವಿತೆ ಬರೀತಾರಂತೆ" ಎಂದು ಥೋರಾಗೆ ಒಪ್ಪಿಸಿದರು. ಥೋರಾಳ ಹುಬ್ಬು ಮೇಲೇರಿದ್ದು ಮುಂದಿನ ಸಾಲಿಗೂ ಕಂಡಿತು.

ಸ್ಯಾಂಡಿ ತಾನೂ ಒಂದು ಕೈ ನೋಡೋಣವೆಂದು, ಯಾರೂ ಕೇಳದೆಯೇ ಹೋರಿಯ ಬಹುಮಾನದ ಸಂಗತಿಯನ್ನು ಮಿಸ್ಟರ್ ಪ್ರಿಚರ್ಡ್ ಮೂಲಕ ರವಾನಿಸಿದ. ಎರ್ಲೆಂಡ್ ಕೆಳಗೆ ಸಮುದ್ರ ನೋಡಿದ. ಅರ್ಧ ದಾರಿ ಮುಗಿದಿತ್ತು. ಎಲ್ಲ ಬಿಟ್ಟು ಮುಖ್ಯವಾದದ್ದಕ್ಕೇ ಬಂದ.

"ಎರಡೇ ನಿಮಿಷದ ದಾರಿ ಅನ್ನು! ಕೆಟಲ್ ಇಟ್ಟು ಹೊರಟ್ರೆ ಕುದಿಯೋದ್ರೊಳಗೆ ಅಮ್ಮನ ಹತ್ತಿರ ಇರ್ತೀಯ ಅನ್ನು! ಮದುವೆ ಆಗ್ತೀಯಾ ಅಂತ ಕೇಳು!"

ಈ ಮಾತಿಗೆ ಮಾತ್ರ ಯಾರೂ ಒಗ್ಗರಣೆ ಹಾಕಲಿಲ್ಲ. ಸಾಲಿನಿಂದ ಸಾಲಿಗೆ ಇದ್ದ ಹಾಗೇ ಹೋಯಿತು. ಥೋರಾ ಕೇಳಿದಳು. ಪಿಟೀಲಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ಎರ್ಲೆಂಡ್‌ನನ್ನೇ ನೋಡಿದಳು. ಬಾಯಿ ತೆರೆದಳು.

"ದೇವರೇ" ಎಂದ ಪೈಲಟ್ ಕಾಲಿನ್.

ಪಾಪೇ ಇರಲಿಲ್ಲ. ಇರಬೇಕಾದ ಜಾಗದಲ್ಲಿ ಬಿಳೀ ಹತ್ತಿಯ ರಾಶಿಯಿತ್ತು. ವಿಮಾನ ಮೂಗು ಮೇಲೆತ್ತಿತು. ಏಡಿಗಳು ಬಕೆಟ್ಟಿನಿಂದ ಹೊರಬಂದು ಸ್ಯಾಂಡಿಯ ಕಾಲಡಿ ಸೇರಿದವು. ಕಾಲಿನ್ ಹಿಂದಿರುಗೋಣವೆಂದು ಸುತ್ತು ಹಾಕಿದರೆ ಅಷ್ಟರಲ್ಲಿ ವೆಸ್ಟ್ರೇಯನ್ನೂ ಮಂಜು ನುಂಗಿತ್ತು.

"ಎಲ್ಲೂ ಇಳಿಯೋಕಾಗಲ್ಲ. ಕರ್ಕ್‌ವಾಲಿಗೆ ಹೋಗ್ತಿದೀವಿ" ಎಂದ. ಕರ್ಕ್‌ವಾಲ್ ನಮ್ಮ ದ್ವೀಪಗಳಿಗೆಲ್ಲ ಪಟ್ಟಣ. ಕಾಲು ಗಂಟೆ ದಕ್ಷಿಣಕ್ಕೆ, ಅಂದರೆ ಪೂರ್ತಿ ಬೇರೆ ದಿಕ್ಕಿಗೆ.

ಹಿಂದಿನ ಸಾಲಿನಿಂದ ಥೋರಾಳ ಉತ್ತರ ಹೊರಟಿತು. ಮಿಸೆಸ್ ಪ್ರಿಚರ್ಡ್ ಅದನ್ನು ಮೇಮಿಗೆ ಹೇಳಿದರು. ಮೇಮಿ ಮುಖ ಸಣ್ಣಗೆ ಮಾಡಿಕೊಂಡು ಎರ್ಲೆಂಡ್‌ನ ಕಿವಿಗೆ ಬಾಗಿದಳು. "ಎರಡು ನಿಮಿಷ ಅಂದಿದ್ದು ಯಾರು ಅಂತ ಕೇಳ್ತಿದಾಳೆ."

ಕರ್ಕ್‌ವಾಲಿನ ನಿಲ್ದಾಣದಲ್ಲಿ ಮೂರು ಗಂಟೆ ಕೂತರು. ಮೇಮಿ ಚೀಲದಿಂದ ಬ್ಯಾನಕ್ ರೊಟ್ಟಿ, ಚೀಸು ತೆಗೆದು ಎಲ್ಲರಿಗೂ ಹಂಚಿದಳು. ಎರ್ಲೆಂಡ್ ಒಂದು ತುಂಡನ್ನು ಹಿಡಿದು ನೋಡುತ್ತ ಕೂತ. ಅವನ ಜೀವನದ ಒಂದೇ ಒಂದು ಒಳ್ಳೆಯ ವಾದ ಹೊರಗೆ ಮಂಜಿನಲ್ಲಿ ಮುಳುಗಿ ಕೂತಿತ್ತು.

ಥೋರಾ ಎದ್ದು ಬಂದು ಎದುರಿನ ಬೆಂಚಿನಲ್ಲಿ ಕೂತಳು. ನಿಲ್ದಾಣದಲ್ಲಿದ್ದ ಮೂವತ್ತು ಜನ ಸದ್ದಿಲ್ಲದೆ ಅರ್ಧ ಅಡಿ ಹತ್ತಿರ ಸರಿದರು.

"ಎರ್ಲೆಂಡ್, ಕವಿತೆ ಬರೀತೀಯಾ?"

"ಇಲ್ಲ."

"ಸದ್ಯ, ಬದುಕಿದೆ" ಎಂದಳು. "ನೋಡು, ಕೇಳೋಕೆ ಇಪ್ಪತ್ತೆಂಟು ವರ್ಷ ತಗೊಂಡೆಯಲ್ಲ ಅಂತ ನಂಗೆ ಸಿಟ್ಟಿದೆ. ಅದು ಹಾಗಿರಲಿ. ಮೂರಕ್ಕೆ ಹೊರಟ್ವಿ, ಈಗ ಐದೂಮುಕ್ಕಾಲು. ನಾನು ನಿನ್ನ ಮನೇಲಿ ಕೂತಿರೋವಾಗ ಅಮ್ಮ ಜಾರಿ ಬಿದ್ಲು ಅಂತಿಟ್ಕೋ. ಹೀಗೇ ಮಂಜು ಬಂತು. ಎಲ್ಲಿ ನಿನ್ನ ಎರಡು ನಿಮಿಷ?"

ಎರ್ಲೆಂಡ್‌ನ ಕೈ ಟೋಪಿಗೆ ಹೋಯಿತು. ಆಮೇಲೆ ಏನಾಯಿತೋ, ಟೋಪಿಯನ್ನು ಬೆಂಚಿನ ಮೇಲೆ ಕುಕ್ಕಿ ಎದ್ದು ನಿಂತ. ಅವನು ಅಷ್ಟು ಜನರ ನಡುವೆ ದನಿ ಎತ್ತಿದ್ದನ್ನು ಯಾರೂ ಅದುವರೆಗೆ ಕಂಡಿರಲಿಲ್ಲ.

"ಮಂಜು ವರ್ಷಕ್ಕೆ ಎಷ್ಟು ದಿನ ಬರುತ್ತೆ? ಹತ್ತು! ಹನ್ನೆರಡು! ಮಿಕ್ಕ ಮುನ್ನೂರೈವತ್ತು ದಿನ ಅದು ಎರಡೇ ನಿಮಿಷದ ದಾರಿ! ಈ ಭೂಮಿ ಮೇಲೆ ಅಷ್ಟು ಹತ್ತಿರ ವಿಮಾನ ಇನ್ನೆಲ್ಲೂ ಹೋಗಲ್ಲ. ನೋಡು, ಇವರು ಅದನ್ನ ನೋಡೋಕೆ ಅಂತ ಎಂಟುನೂರು ಮೈಲಿಯಿಂದ ಬಂದಿದಾರೆ! ನನ್ನ ಅಡುಗೆಮನೆ ಕಿಟಕಿಯಿಂದ ನಿಮ್ಮನೆ ಹೊಗೆಗೂಡು ಕಾಣುತ್ತೆ ಥೋರಾ. ದಿನಾ ಬೆಳಿಗ್ಗೆ ಹೊಗೆ ಎದ್ದಮೇಲೇ ನಾನು ಚಾ ಕುಡಿಯೋದು. ಅದು ದೂರ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಎರಡು ನಿಮಿಷ. ಎರಡೇ ನಿಮಿಷ!"

ನಿಲ್ದಾಣದ ಮೂವತ್ತು ಜನ ಚಪ್ಪಾಳೆ ತಟ್ಟಿದರು. ಮಿಸೆಸ್ ಪ್ರಿಚರ್ಡ್ ಗಂಡನ ಕರ್ಚೀಫು ಕಸಿದು ಮೂಗೊರೆಸಿಕೊಂಡರು. ಹೊಗೆಗೂಡಿನ ಸಂಗತಿ ಥೋರಾಗೆ ಹೊಸದು.

"ಸರಿ" ಎಂದಳು. "ತೋರಿಸು. ವೆಸ್ಟ್ರೇಯಲ್ಲಿ ಗಾಲಿ ನೆಲ ಬಿಟ್ಟು ಪಾಪೇಯಲ್ಲಿ ನೆಲ ಮುಟ್ಟೋದು ಎರಡು ನಿಮಿಷದೊಳಗೆ ಆದ್ರೆ ನಿನ್ನ ಮದುವೆ ಆಗ್ತೀನಿ. ಒಂದು ಸೆಕೆಂಡ್ ಜಾಸ್ತಿ ಆದ್ರೂ ಈ ಮಾತು ಇಲ್ಲಿಗೇ ಬಿಡೋಣ. ಗಡಿಯಾರ ನನ್ನ ಕೈಲಿರುತ್ತೆ."

ಆರಕ್ಕೆ ಗಾಳಿ ಮತ್ತೆ ಪಡುವಣಕ್ಕೆ ತಿರುಗಿ ಮಂಜನ್ನು ಗುಡಿಸಿ ಹಾಕಿತು. ಆವತ್ತಿನ ಕೊನೆಯ ವಿಮಾನ. ಕಾಲಿನ್ ನೇರವಾಗಿ ಪಾಪೇಗೆ ಹೋಗಿ, ಅಲ್ಲಿಂದ ವೆಸ್ಟ್ರೇಗೆ ಬಂದು, ಕರ್ಕ್‌ವಾಲಿಗೆ ಮರಳುವವನಿದ್ದ. ಮೇಮಿ ಅವನ ತೋಳು ಹಿಡಿದಳು.

"ಮೊದಲು ವೆಸ್ಟ್ರೇ, ಆಮೇಲೆ ಪಾಪೇ. ತಿರುಗಾಮುರುಗಾ ಮಾಡು."

"ಮೇಮಿ, ನಾನು ವಿಮಾನ ಓಡಿಸೋನು, ಮದುವೆ ದಲ್ಲಾಳಿ ಅಲ್ಲ."

"ನಿನ್ನ ಮದುವೆ ಕೇಕು ಮಾಡಿದ್ದು ಯಾರು?"

ಕಾಲಿನ್ ತಿರುಗಾಮುರುಗಾ ಮಾಡಿದ.

ವೆಸ್ಟ್ರೇಯಲ್ಲಿ ಇಳಿದಾಗ ಹುಲ್ಲುಗಾವಲಿನ ಬೇಲಿಯುದ್ದಕ್ಕೂ ಕಾರು, ಟ್ರಾಕ್ಟರು, ಸೈಕಲ್ಲು. ಸುದ್ದಿ ವಿಮಾನಕ್ಕಿಂತ ಮೊದಲೇ ಬಂದಿತ್ತು. ಡೇವಿ ಬಾಗಿಲು ತೆರೆದು, "ವೆಸ್ಟ್ರೇಯವರು ಇಳೀರಿ" ಎಂದ. ಒಬ್ಬರೂ ಕದಲಲಿಲ್ಲ.

"ತೀರ್ಮಾನ ಆಗೋ ಮುಂಚೆ ಇಳಿಯೋಕೆ ನಂಗೇನು ಹುಚ್ಚಾ?" ಎಂದಳು ಮೇಮಿ. ಸ್ಯಾಂಡಿಯ ಒಂದು ಏಡಿ ಸೀಟಿನ ಕೆಳಗೆ ಸಿಕ್ಕಿಕೊಂಡಿತ್ತಂತೆ, ಅದನ್ನು ಬಿಟ್ಟು ಅವನು ಇಳಿಯುವ ಹಾಗಿರಲಿಲ್ಲ. ಎರ್ಲೆಂಡ್ ಇಳಿಯುವ ಮಾತೇ ಇರಲಿಲ್ಲ. ಡೇವಿ ಬಾಗಿಲು ಮುಚ್ಚಿ, ಬೆಂಕಿ ಆರಿಸುವ ಗಾಡಿಯ ಗಂಟೆ ಬಾರಿಸಿ ಹರಸಿದ.

ಎರ್ಲೆಂಡ್ ಜೇಬಿನಿಂದ ತೆಗೆದುಕೊಟ್ಟ ಮೊಟ್ಟೆ ಗಡಿಯಾರದ ಮುಳ್ಳನ್ನು ಥೋರಾ ಎರಡು ನಿಮಿಷಕ್ಕೆ ತಿರುಗಿಸಿ ಹಿಡಿದಳು. ವಿಮಾನ ಓಡಿತು. ಗಾಲಿ ನೆಲ ಬಿಟ್ಟಿತು. "ಶುರು!" ಎಂದು ಆರು ಜನ ಒಟ್ಟಿಗೆ ಕೂಗಿದರು.

ಪಡುವಣ ಗಾಳಿ ಬೆನ್ನ ಹಿಂದೆ ಕೈಯಿಟ್ಟು ತಳ್ಳಿದ ಹಾಗಿತ್ತು. ಸಮುದ್ರ ಹೊಳೆಯುತ್ತಿತ್ತು. ಅರ್ಧ ನಿಮಿಷಕ್ಕೇ ಪಾಪೇಯ ತೀರ ಬಂತು. ಮೇಮಿ ಎರ್ಲೆಂಡ್‌ನ ಹೆಗಲು ಗುದ್ದುತ್ತಿದ್ದಳು. ಐವತ್ತು ಸೆಕೆಂಡಿಗೆ ಹುಲ್ಲುಹಾಸು ಎದುರಿಗೇ ಕಂಡಿತು. ಗೆದ್ದಾಯಿತು ಎನ್ನುವಾಗ ಕಾಲಿನ್ ಮತ್ತೆ ದೇವರನ್ನು ಕರೆದ.

ಹಾಸಿನ ನಟ್ಟನಡುವೆ ಹನ್ನೊಂದು ಕುರಿ ಮೇಯುತ್ತಿದ್ದವು. ಥೋರಾಳ ಅಮ್ಮನ ಕುರಿಗಳೇ. ಮಂಜಿನಲ್ಲಿ ಇನ್ನು ವಿಮಾನ ಬರುವುದಿಲ್ಲವೆಂದು ಬೆಲ್ಲಾ ಬಿಟ್ಟಿದ್ದಳು.

ಕಾಲಿನ್ ವಿಮಾನವನ್ನು ಎತ್ತಿ ಪಕ್ಕಕ್ಕೆ ವಾಲಿಸಿ ಸಣ್ಣ ಸುತ್ತು ಹಾಕತೊಡಗಿದ. ಒಂದು ನಿಮಿಷ ಹತ್ತು. ಕೆಳಗೆ ಪಾಪೇಯ ಬೆಂಕಿ ಗಾಡಿ ಕುರಿಗಳ ಹಿಂದೆ ಓಡುತ್ತಿತ್ತು. ಹತ್ತು ಕುರಿ ಓಡಿದವು, ಒಂದು ಮುದಿ ಕುರಿ ನಿಂತು ನೋಡಿತು. ಒಂದು ನಿಮಿಷ ಮೂವತ್ತು. "ನಿನ್ನ ಹೆಸರೇನೇ ಅನಿಷ್ಟವೇ, ಸರಿಯೇ!" ಎಂದು ಮೇಮಿ ಕಿಟಕಿಗೆ ಬಡಿದಳು. ಆಗ ಎಂಬತ್ತೆರಡರ ಬೆಲ್ಲಾ, ಯಾರು ಕರೆದರೋ, ಸ್ಕರ್ಟು ಎತ್ತಿ ಕಟ್ಟಿಕೊಂಡು ಬೇಲಿಯ ಸಂದಿನಿಂದ ಓಡಿ ಬಂದು, ಆ ಕುರಿಯ ಕಿವಿ ಹಿಡಿದು ಎಳೆದೊಯ್ದಳು. ಜಾರಿ ಬೀಳುವ ಮುದುಕಿಯ ಹಾಗೆ ಅವಳು ಎಳ್ಳಷ್ಟೂ ಕಾಣಲಿಲ್ಲ.

ಒಂದು ನಿಮಿಷ ಐವತ್ತು. ವಿಮಾನ ಇಳಿಯಿತು. ಗಾಲಿ ಒಮ್ಮೆ ನೆಲಕ್ಕೆ ಬಡಿದು ಪುಟಿಯಿತು, ಮತ್ತೆ ಬಡಿದು ನೆಲ ಹಿಡಿದು ಉರುಳಿತು.

ಟ್ರಿಣ್ ಎಂದಿತು ಗಡಿಯಾರ.

ಮೊದಲು ನೆಲವೋ ಮೊದಲು ಗಂಟೆಯೋ ಎಂದು ಎಲ್ಲರೂ ಥೋರಾಳನ್ನು ನೋಡಿದರು. ಅವಳು ಗಡಿಯಾರವನ್ನು ಮೇಲೆತ್ತಿ, "ನೆಲ ಮೊದಲು!" ಎಂದಳು. "ಎರಡೇ ನಿಮಿಷ. ಒಪ್ಪಿದೆ!"

ಆಮೇಲಿನ ಗದ್ದಲ ಹೇಳಿ ಪ್ರಯೋಜನವಿಲ್ಲ. ಸ್ಯಾಂಡಿ ಪೈಲಟ್‌ನ ತಲೆಗೆ ಮುತ್ತಿಟ್ಟ. ಪಾಪೇಯ ಅರ್ಧ ಜನ, ಅಂದರೆ ನಲವತ್ತು ಮಂದಿ, ಹುಲ್ಲಿನ ಮೇಲೆ ನಿಂತು ಕೂಗಿದರು. ಪ್ರಿಚರ್ಡ್ ದಂಪತಿ ತಮಗೆ ಬಂದ ಪ್ರಶಸ್ತಿಪತ್ರವನ್ನು ಎರ್ಲೆಂಡ್‌ಗೇ ಕೊಟ್ಟರು. ಅವನು ಅದನ್ನು ಎದೆಗೆ ಹಿಡಿದು, ಹೋರಿಗೆ ಬಹುಮಾನ ಬಂದ ದಿನಕ್ಕಿಂತ ದೊಡ್ಡ ನಗೆ ನಗುತ್ತ ಇಳಿದ. ಅವನ ಕಣ್ಣಲ್ಲಿ ನೀರಿತ್ತು, ಅದನ್ನು ಮುಚ್ಚಿಕೊಳ್ಳಲೂ ಇಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಅವನು ಗೆದ್ದದ್ದು ಇದೊಂದೇ. ಗೆದ್ದ ರೀತಿಯನ್ನು ಎರಡು ದ್ವೀಪವೂ ನೋಡಿತ್ತು.

"ಸೆಪ್ಟೆಂಬರಿನಲ್ಲಿ ಮದುವೆ ಇಟ್ಕೊಳೋಣ" ಎಂದಳು ಥೋರಾ, ಅವನ ತೋಳಿಗೆ ತೋಳು ಸೇರಿಸಿ. "ಕೊಯ್ಲು ಮುಗಿದಿರುತ್ತೆ."

"ಅಷ್ಟರಲ್ಲಿ ಮಾಳಿಗೆ ಕೋಣೆಗೆ ಬಣ್ಣ ಹೊಡೆಸ್ತೀನಿ. ನಿನ್ನ ಪಿಟೀಲಿಗೆ."

"ಪಿಟೀಲಿಗೆ ಇಲ್ಲೇ ಕೋಣೆ ಇದೆಯಲ್ಲ."

"ಇಲ್ಲೇ ಅಂದ್ರೆ?"

"ಇಲ್ಲೇ. ಅಮ್ಮನ ಮನೇಲಿ. ನಾನೆಲ್ಲಿಗೆ ಹೋಗ್ತೀನಿ?"

ಎರ್ಲೆಂಡ್‌ನ ನಗೆ ಮುಖದ ಮೇಲೆ ಹಾಗೇ ನಿಂತಿತು, ಹಿಂದಿನ ಆಧಾರ ಮಾತ್ರ ಹೋಗಿತ್ತು. "ನಮ್ಮ ಮನೆಗೆ... ಮದುವೆ ಆದ್ಮೇಲೆ..."

"ಎರಡು ನಿಮಿಷದ ದಾರಿಗೆ ಯಾರಾದ್ರೂ ಮನೆ ಬದಲಾಯಿಸ್ತಾರೇನೋ?" ಎಂದಳು ಥೋರಾ, ನಿಜವಾಗಿಯೂ ಆಶ್ಚರ್ಯಪಟ್ಟು. "ದೂರ ಇದ್ದಿದ್ರೆ ಬೇರೆ ಮಾತು. ನೀನು ಒಲೆ ಮೇಲೆ ಕೆಟಲ್ ಇಟ್ಟು ಹೊರಡು, ಕುದಿಯೋದ್ರೊಳಗೆ ಇಲ್ಲಿರ್ತೀಯ. ನೀನೇ ಹೇಳಿದ್ದಲ್ವಾ? ಮೂವತ್ತು ಜನರ ಮುಂದೆ?"

ಎರ್ಲೆಂಡ್ ಬಾಯಿ ತೆರೆದ. ಹೇಳಲು ಉತ್ತರವಿತ್ತು. ಎರಡು ನಿಮಿಷ ಎಂಬುದೆಲ್ಲ ಮಾತಿಗೆ, ಕಾಯುವುದು, ತೂಗುವುದು, ಮಂಜು, ಕುರಿ ಎಲ್ಲ ಸೇರಿದರೆ ಅದು ಎರಡು ನಿಮಿಷವೇ ಅಲ್ಲ ಎನ್ನಬಹುದಿತ್ತು. ಥೋರಾ ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಎರಡು ನಿಮಿಷವಲ್ಲ ಎಂದರೆ ಮದುವೆಯೇ ಇಲ್ಲ. ಎರಡು ನಿಮಿಷ ಎಂದರೆ ಮದುವೆ ಇದೆ, ಹೆಂಡತಿ ಮಾತ್ರ ಕಡಲಾಚೆ. ಅವನು ಪ್ರಶಸ್ತಿಪತ್ರವನ್ನು ಒಮ್ಮೆ ನೋಡಿದ. ಅದರಲ್ಲಿ ಸಹಿ, ಮೊಹರು ಎಲ್ಲ ಹಾಕಿ ಎರಡು ನಿಮಿಷವೆಂದೇ ಬರೆದಿತ್ತು.

"ಹೌದು" ಎಂದ. "ಎರಡೇ ನಿಮಿಷ."

ಬೆನ್ನ ಹಿಂದೆ ಎಂಜಿನ್ ಗುಡುಗಿತು. ವಿಮಾನ ಹುಲ್ಲು ಬಿಟ್ಟು ಮೇಲೆದ್ದು, ದಕ್ಷಿಣಕ್ಕೆ ತಿರುಗಿ, ಕರ್ಕ್‌ವಾಲಿನ ಕಡೆ ಹೊರಟುಹೋಯಿತು.

"ಅಯ್ಯೋ!" ಎಂದು ಮೇಮಿ ಎದೆ ಹಿಡಿದುಕೊಂಡಳು. "ತಿರುಗಾಮುರುಗಾ ಮಾಡಿಸಿದ್ವಲ್ಲ! ವೆಸ್ಟ್ರೇ ಆಗಲೇ ಮುಗೀತು! ನನ್ನ ಅಂಗಡಿ! ಬೆಳಿಗ್ಗೆಯಿಂದ ಮುಚ್ಚಿದೆ!"

"ನಾಳೆ ಒಂಬತ್ತಕ್ಕೆ ವಿಮಾನ ಇದೆ" ಎಂದ ಪಾಪೇಯ ಬೆಂಕಿ ಗಾಡಿಯವ. "ಮಂಜು ಇಲ್ಲದಿದ್ರೆ. ದೋಣಿ ರಿಪೇರಿಗೆ ಹೋಗಿದೆ."

ಎರ್ಲೆಂಡ್ ಬೇಲಿಯ ಹತ್ತಿರ ಹೋಗಿ ನಿಂತ. ಸಂಜೆಯ ಬಿಸಿಲಲ್ಲಿ, ಆ 'ಎರಡು ನಿಮಿಷದ' ನೀರಿನಾಚೆ, ಅವನ ಮನೆಯ ಕಿಟಕಿ ಹೊಳೆಯುತ್ತಿತ್ತು. ಅಂಗಳದಲ್ಲಿ ಕೋಳಿಗಳು ಇನ್ನೂ ಹೊರಗೇ ಇದ್ದದ್ದು, ಕಣ್ಣು ಕಿರಿದು ಮಾಡಿದರೆ, ಕಾಣುವ ಹಾಗಿತ್ತು.

ಥೋರಾ ಬಂದು ಅವನ ಕೈ ಹಿಡಿದಳು. "ಬಾ, ಅಮ್ಮ ಒಲೆ ಮೇಲೆ ಕೆಟಲ್ ಇಟ್ಟಾಯ್ತು. ಸ್ಯಾಂಡಿ ಏಡಿ ಇದೆ. ಎಲ್ರೂ ನಮ್ಮನೇಲೇ ಮಲಗಿದ್ರಾಯ್ತು."

"ನಿಮ್ಮನೆಗೆ ಇಲ್ಲಿಂದ ಎಷ್ಟು ದೂರ?" ಎಂದ ಎರ್ಲೆಂಡ್, ತನ್ನ ಕಿಟಕಿಯಿಂದ ಕಣ್ಣು ತೆಗೆಯದೆ.

"ನಡೆದ್ರೆ ಹತ್ತು ನಿಮಿಷ" ಎಂದಳು ಥೋರಾ. "ನಿನ್ನ ಮನೆಗಿಂತ ಸ್ವಲ್ಪ ದೂರಾನೇ."